ಎಣಿಕೆಯ ಅಡಿಗೆಯೂ ದಾಸೋಹದ ಪಂಕ್ತಿಯೂ

ನಿಯತವಾದ ತಿಥಿಯಿಲ್ಲದೆ ಬರುವವನೇ ಅತಿಥಿಯೆಂದು ಪ್ರಾಚೀನರು ಆ ಶಬ್ದಕ್ಕೆ ನಿರ್ವಚನವನ್ನು ಹೇಳಿರುವರು. ಬರವನ್ನು ಮುಂಚೆ ತಿಳಿಸಿ ಬಂದವನನ್ನು ಅಭ್ಯಾಗತನೆಂದು ಕರೆದರು. ಈ ಭೇದವನ್ನು ಹಿಡಿದು ನೋಡಿದರೆ ಇಂದಿನ ಗೃಹಸ್ಥನ ಮನೆಗೆ ಅತಿಥಿಗಳು ಬರುವುದೇ ಅಪರೂಪವೆನ್ನಬೇಕು. ಕರೆಯೋಲೆ ಹೋಗಿ, ದೂರವಾಣಿಯಲ್ಲಿ ಮಾತಾಗಿ, ಎಷ್ಟು ಜನ, ಯಾವ ಹೊತ್ತಿಗೆ, ಎಷ್ಟು ದಿನವೆಂಬುದೆಲ್ಲ ನಿಶ್ಚಯವಾದ ಮೇಲೆಯೇ ಒಲೆ ಹೊತ್ತುತ್ತದೆ. ಹೀಗೆ ಎಣಿಸಿ ಮಾಡಿದ ಅಡಿಗೆಯು ದಾಸೋಹವಾಗುವುದೆ? ಅಥವಾ ಎಣಿಕೆ ಮನೆಯೊಳಗೆ ಕಾಲಿಟ್ಟೊಡನೆ ಭಕ್ತಿ ಹಿತ್ತಿಲ ಬಾಗಿಲಿನಿಂದ ಹೊರಟುಹೋಗುವುದೆ? ಸದ್ಭಕ್ತರ ಮನಸ್ಸಿನಲ್ಲಿ ಆಗಾಗ ಏಳುವ ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸಬೇಕಾಗಿದೆ.

ವಿಚಾರವು ಶೂನ್ಯದಲ್ಲಿ ನಿಲ್ಲಲಾರದು. ಅದಕ್ಕೊಂದು ನೆಲೆ ಬೇಕು. ಸೊಲ್ಲಾಪುರದ ಹಳೆಯ ಕಸಬೆಯನ್ನೇ ತೆಗೆದುಕೊಳ್ಳಬಹುದು. ಶಿವಯೋಗಿ ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿ, ಸುತ್ತಲೂ 68 ಲಿಂಗಗಳನ್ನು ಸ್ಥಾಪಿಸಿ, ಸೊನ್ನಲಿಗೆಯನ್ನು ಯೋಗಭೂಮಿಯನ್ನಾಗಿ ಮಾಡಿದ ಊರದು. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿ ಅದು ಮುಂಬಯಿ ರಾಜ್ಯದಲ್ಲಿ ಉಳಿದು, 1960ರಿಂದ ಮಹಾರಾಷ್ಟ್ರಕ್ಕೆ ಸೇರಿದೆ. ಕನ್ನಡ, ಮರಾಠಿ, ತೆಲುಗು ಮೂರೂ ಅಲ್ಲಿಯ ಓಣಿಗಳಲ್ಲಿ ಕೇಳಿಬರುತ್ತವೆ. ಮಕರ ಸಂಕ್ರಮಣದ ಕಾಲದಲ್ಲಿ ಗಡ್ಡೆಯ ಜಾತ್ರೆ ನಡೆಯುತ್ತದೆ. ಏಳು ನಂದಿಧ್ವಜಗಳು ಉತ್ತರ ಕಸಬೆಯ ಹಿರೇಹಬ್ಬು ವಾಡೆಯಿಂದ ಹೊರಟು 68 ಲಿಂಗಗಳ ದರ್ಶನಕ್ಕೆ ಸಾಗುತ್ತವೆ. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಅವನ್ನು ಎತ್ತಿ ಹಿಡಿದು ನಡೆಯುತ್ತಾರೆ. ಲಿಂಗಗಳಿಗೆ ನಡೆಯುವ ತೈಲಾಭಿಷೇಕವನ್ನು ಮರಾಠಿ ಮಾತಿನವರೂ ಎಣ್ಣೆಮಜ್ಜನವೆಂಬ ಕನ್ನಡದ ಹೆಸರಿನಿಂದಲೇ ಕರೆಯುವರು. ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ, ಅನಂತರ ಹೋಮ, ಮದ್ದಿನ ಶೋಭೆ ಎಂದು ಉತ್ಸವವು ಹಲವು ದಿನ ನಡೆಯುವುದು.

ಆ ದಿನಗಳಲ್ಲಿ ಅಕ್ಕಲಕೋಟೆ, ಇಂಡಿ, ವಿಜಯಪುರ, ಆಳಂದಗಳ ಕಡೆಯಿಂದ ನಂಟರು ಬರುತ್ತಾರೆ. ಹಳೆಯ ಪೇಟೆಯ ಮನೆಗಳಾದರೋ ಒಂದಕ್ಕೊಂದು ಹೆಗಲುಕೊಟ್ಟು ನಿಂತವು. ಅಜ್ಜನ ಕಾಲದ ವಾಡೆ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ, ಪಡಸಾಲೆಯೊಬ್ಬರಿಗೆ, ಅಡಿಗೆಮನೆಯೊಬ್ಬರಿಗೆ ಬಂದಿರುವುದೂ ಉಂಟು. ಇಂತಹ ಎರಡು ಕೋಣೆಗಳ ಮನೆಯಲ್ಲಿ, ಗಿರಣಿಯ ಕೆಲಸದಿಂದ ನಿವೃತ್ತನಾದ ಒಬ್ಬ ಗೃಹಸ್ಥನಿರುವನೆಂದು ಭಾವಿಸೋಣ. ಮಗಳ ಮದುವೆಯಾದ ಮೇಲೆ ಇದು ಮೊದಲ ಸಂಕ್ರಾಂತಿ, ಬೀಗರು ಬರುವರು. ಬೀಗರೊಡನೆ ಅವರ ಬಳಗವೂ ಬರುವುದು. ಮಂಗಲ ಕಾರ್ಯಾಲಯವನ್ನು ಬಾಡಿಗೆಗೆ ಹಿಡಿದು, ಅಡಿಗೆಯನ್ನು ಗುತ್ತಿಗೆಗೆ ಕೊಟ್ಟು, ಓಣಿಗೆ ಚಪ್ಪರ ಹಾಕಿಸಿದರೆ ಮಾನ ಉಳಿಯುವುದೆಂದು ಮನೆಯ ಕೆಲವರು ಹೇಳುತ್ತಾರೆ. ಕೈಯಲ್ಲಿ ಹಣವಿಲ್ಲ; ಸಾಲ ಮಾಡಬೇಕು. ಈತನು ಏನು ಮಾಡತಕ್ಕದ್ದು?

ಮೊದಲು ಎಣಿಕೆಯ ಮಾತು. ಶಿವನು ಕೊಡುವವನಿರುವಾಗ ಲೆಕ್ಕವೇಕೆ, ಬಂದಷ್ಟು ಬರಲಿ ಎನ್ನುವವರಿದ್ದಾರೆ. ಇದು ಕೇಳಲು ದೊಡ್ಡ ಮಾತು. ಆದರೆ ದಾಸೋಹವನ್ನು ನಾಡಿಗೆ ಕಲಿಸಿದ ಬಸವಣ್ಣನವರು ಸ್ವತಃ ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದನ್ನು ಮರೆಯಲಾಗದು. ಅರಸನ ಬೊಕ್ಕಸವನ್ನು ಜಂಗಮರಿಗೆ ವ್ಯಯಮಾಡುವರೆಂದು ಕೊಂಡೆಯ ಮಾತು ಹುಟ್ಟಿದಾಗ ಲೆಕ್ಕವನ್ನು ಒಪ್ಪಿಸಿದರೆಂದೂ, ಭಂಡಾರದಲ್ಲಿ ಕಿಂಚಿತ್ತೂ ಕೊರತೆ ಕಾಣಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಮಹಾಮನೆಯ ಪಂಕ್ತಿಗೆ ಮಿತಿಯಿರಲಿಲ್ಲ. ಆದರೆ ಭಂಡಾರದ ಲೆಕ್ಕದಲ್ಲಿ ಪ್ರಮಾದವೂ ಇರಲಿಲ್ಲ. ಆದ್ದರಿಂದ ಎಣಿಕೆಯು ಭಕ್ತಿಗೆ ವೈರಿಯೆಂಬುದು ಸರಿಯಲ್ಲ. ಏನನ್ನು ಎಣಿಸುತ್ತೇವೆಂಬುದರಲ್ಲಿಯೇ ಗುಣದೋಷಗಳಿವೆ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಪ್ರಸಂಗವು ಇದನ್ನು ಇನ್ನೂ ಸ್ಪಷ್ಟಗೊಳಿಸುವುದು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಹಿಗ್ಗಲಿಲ್ಲ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಬೇಕೆಂದಳು. ಅದೇ ದಂಪತಿಗಳ ಮನೆಯಲ್ಲಿ ಅಸಂಖ್ಯಾತ ಜಂಗಮರಿಗೆ ತೃಪ್ತಿಯಾಯಿತೆಂದು ಸಂಪ್ರದಾಯವು ಹೇಳುತ್ತದೆ. ಮಹಿಮೆಯ ಭಾಗವನ್ನು ಬಿಟ್ಟರೂ ತಾತ್ಪರ್ಯವು ನಿಲ್ಲುವುದು: ತನ್ನ ಕಾಯಕದ ಅಳತೆಯನ್ನು ಬಲ್ಲವರ ಮನೆಯಲ್ಲಿಯೇ ಉಣಲಿಕ್ಕುವ ಧೈರ್ಯವಿರುತ್ತದೆ. ಅಕ್ಕಿಯನ್ನು ಎಣಿಸಿದ ಆ ತಾಯಿ ಬಂದವರನ್ನು ಎಣಿಸಲಿಲ್ಲ. ಇಂದಿನ ಗೃಹಸ್ಥನು ಇದನ್ನು ತಲೆಕೆಳಗು ಮಾಡಿ, ಬರುವವರ ಅಂತಸ್ತನ್ನು ಎಣಿಸುತ್ತಾನೆ. ತನ್ನ ಕಣಜದ ಅಕ್ಕಿಯನ್ನು ಎಣಿಸುವುದಿಲ್ಲ.

ಸಾಲದ ಪ್ರಶ್ನೆಯೂ ಇಲ್ಲಿಯೇ ಬಗೆಹರಿಯುವುದು. ದಾಸೋಹವು ಸತ್ಯಶುದ್ಧ ಕಾಯಕದ ಫಲವನ್ನು ಅರ್ಪಿಸುವ ಕ್ರಮ. ಸಾಲದ ದುಡ್ಡಿನಲ್ಲಿ ಅಡಿಗೆಯಾದರೆ ಅದು ಯಾರ ಕಾಯಕ? ಬಡಿಸುವವನ ಕಾಯಕವಿನ್ನೂ ಆಗಿಲ್ಲ, ಮುಂದೆ ಆಗಬೇಕು. ಆ ಮುಂದಿನ ದುಡಿಮೆಯಲ್ಲಿ ಮಕ್ಕಳ ವಿದ್ಯೆಯೂ, ಮುದುಕಿಯ ಔಷಧಿಯೂ ಸೇರಿರುತ್ತವೆ. ಅವರನ್ನು ಕೇಳದೆಯೇ ಅವರ ತುತ್ತನ್ನು ಬೀಗರ ಎಲೆಗೆ ಬಡಿಸಿದಂತಾಯಿತು. ತನ್ನದನ್ನು ಕೊಡುವುದು ದಾಸೋಹ. ಮನೆಯ ಬಲಹೀನರ ಪಾಲನ್ನು ಕಸಿದು ಕೊಡುವುದು ದಾಸೋಹವೆನಿಸದು. ಮಾನವು ಉಳಿಯಿತೆಂದು ಲೋಕವು ಹೇಳಬಹುದು. ಆದರೆ ಲೋಕವು ಬಡ್ಡಿಯನ್ನು ಕಟ್ಟುವುದಿಲ್ಲವಷ್ಟೆ?

ಎರಡನೆಯದು, ಪಂಕ್ತಿಯ ಮಾತು. ಅತಿಥಿಯನ್ನು ದೇವರೆಂದು ಭಾವಿಸಬೇಕೆಂಬ ಬೋಧೆ ತೈತ್ತಿರೀಯೋಪನಿಷತ್ತಿನಲ್ಲಿದೆ; ಅದು ಉದಾತ್ತವಾದುದು. ಆದರೆ ಸ್ಮೃತಿಕಾರರು ಅದಕ್ಕೆ ವರ್ಣದ ಬೇಲಿಯನ್ನು ಹಾಕಿದರು. ಮನುಸ್ಮೃತಿಯ ಮೂರನೆಯ ಅಧ್ಯಾಯವು ಬ್ರಾಹ್ಮಣನ ಮನೆಗೆ ಬಂದ ಕ್ಷತ್ರಿಯನನ್ನು ಅತಿಥಿಯೆಂದು ಗಣಿಸಲಾಗದೆನ್ನುತ್ತದೆ. ವೈಶ್ಯಶೂದ್ರರು ಬಂದರೆ ಕನಿಕರದಿಂದ ಆಳುಗಳೊಡನೆ ಉಣಿಸಬೇಕೆನ್ನುತ್ತದೆ. ಶರಣರು ಕಿತ್ತೊಗೆದದ್ದು ಈ ಬೇಲಿಯನ್ನೇ. ಅವರ ದೃಷ್ಟಿಯಲ್ಲಿ ಬಡಿಸುವವನು ಕನಿಕರ ತೋರುವವನಲ್ಲ, ದಾಸನು. ದಾಸನಾದವನಿಗೆ ಬಂದವರಲ್ಲಿ ಮೇಲುಕೀಳುಗಳನ್ನು ಆರಿಸುವ ಅಧಿಕಾರವೆಲ್ಲಿಂದ ಬಂದೀತು?

ಗಡ್ಡೆಯ ಉತ್ಸವವೇ ಇದನ್ನು ಪ್ರತ್ಯಕ್ಷವಾಗಿ ತೋರಿಸುತ್ತದೆ. ಏಳು ನಂದಿಧ್ವಜಗಳ ಗೌರವವು ಒಂದೇ ಸಮುದಾಯಕ್ಕೆ ಸೇರಿದುದಲ್ಲ. ಮಾತಂಗ ಸಮಾಜದವರೂ ಅದರಲ್ಲಿ ಪಾಲುಳ್ಳವರು. ಬೀದಿಯಲ್ಲಿ ಏಳೂ ಧ್ವಜಗಳು ಒಂದರ ಹಿಂದೊಂದು ನಡೆಯುವಾಗ ಕೈಮುಗಿಯುವ ಗೃಹಸ್ಥನು, ಮನೆಯೊಳಗೆ ಬಂದು ಬೀಗರಿಗೆ ಪಡಸಾಲೆಯಲ್ಲಿ ಮಣೆ ಹಾಕಿ, ಚಪ್ಪರ ಕಟ್ಟಿದವನಿಗೂ ಪಾತ್ರೆ ತೊಳೆದವಳಿಗೂ ಹಿತ್ತಿಲಲ್ಲಿ ಉಳಿದದ್ದನ್ನು ಬಡಿಸಿದರೆ, ಅವನು ಕೈಮುಗಿದದ್ದು ಯಾರಿಗೆ? ಶೇಂಗಾ ಹೋಳಿಗೆ ಕಡಿಮೆಯಾಗುವಂತಿದ್ದರೆ ಎಲ್ಲರಿಗೂ ಅರ್ಧರ್ಧ ಬಡಿಸಲಿ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನು ಸರಿಸಮನಾಗಿ ಹಂಚಿದ ಪಂಕ್ತಿಯು, ಭೇದವಿಟ್ಟು ಬಡಿಸಿದ ಮೃಷ್ಟಾನ್ನಕ್ಕಿಂತ ಸಾವಿರ ಪಾಲು ಮೇಲು.

ಮೂರನೆಯದು ನೆರೆಹೊರೆಯ ಮಾತು. ಇದನ್ನು ನಮ್ಮವರು ವಿಶೇಷವಾಗಿ ಆಲೋಚಿಸುವುದಿಲ್ಲ. ಹಳೆಯ ಪೇಟೆಯ ಓಣಿಯು ಯಾರೊಬ್ಬನ ಅಂಗಳವೂ ಅಲ್ಲ. ಅಲ್ಲಿ ಚಪ್ಪರವನ್ನು ಹಾಕಿದರೆ ಎದುರುಮನೆಯ ರೋಗಿಯನ್ನು ಆಸ್ಪತ್ರೆಗೆ ಒಯ್ಯುವ ಗಾಡಿ ಒಳಬರಲಾರದು. ಧ್ವನಿವರ್ಧಕವನ್ನು ಕಟ್ಟಿದರೆ ಪರೀಕ್ಷೆಗೆ ಓದುವ ಹುಡುಗನ ರಾತ್ರಿ ಹಾಳಾಗುವುದು. ಉಂಡ ಎಲೆಗಳನ್ನು ಮೂಲೆಯಲ್ಲಿ ರಾಶಿಹಾಕಿದರೆ ಮರುದಿನ ಅದೇ ಮೂಲೆಯನ್ನು ದಾಟಿ ನಂದಿಧ್ವಜವು ಬರಬೇಕು. ಕರೆದವರನ್ನು ಸತ್ಕರಿಸುವ ಭರದಲ್ಲಿ ಕರೆಯದೆಯೇ ಪಕ್ಕದಲ್ಲಿರುವವರನ್ನು ಪೀಡಿಸುವುದು ಯಾವ ಧರ್ಮ? ನೂರು ಹರದಾರಿಯಿಂದ ಬಂದವನು ಎರಡು ದಿನವಿದ್ದು ಹೋಗುವನು. ಗೋಡೆಯಾಚೆಯವನು ವರ್ಷವೆಲ್ಲ ಜೊತೆಗಿರುವನು.

ಸೊನ್ನಲಿಗೆಯ ನೆಲದಲ್ಲಿಯೇ ನಡೆದ ಒಂದು ಪ್ರಸಂಗವನ್ನು ಇಲ್ಲಿ ನೆನೆಯುವುದು ಯುಕ್ತ. ಅಲ್ಲಮಪ್ರಭುಗಳು ಆ ಊರಿಗೆ ಬಂದಾಗ ಸಿದ್ಧರಾಮೇಶ್ವರರ ಕೆರೆಯ ಕೆಲಸ ಭರದಿಂದ ನಡೆದಿತ್ತು. ಪ್ರಭುಗಳು ಸಿದ್ಧರಾಮರನ್ನು ಒಡ್ಡನೆಂದು ಹಗುರವಾಗಿ ಕರೆದು ವಿಚಾರಿಸಿದರೆಂದೂ, ಅದನ್ನು ಸಹಿಸದ ಕೆಲಸದವರು ಕಲ್ಲುಗಳನ್ನು ಬೀರಿದರೆಂದೂ ಶೂನ್ಯಸಂಪಾದನೆಯು ತಿಳಿಸುತ್ತದೆ. ಕೆರೆ ಕಟ್ಟುವುದು ಪರೋಪಕಾರದ ಕಾರ್ಯ, ಅದರಲ್ಲಿ ಸಂದೇಹವಿಲ್ಲ. ಆದರೂ ಆ ಪುಣ್ಯಕಾರ್ಯದ ಸಂಭ್ರಮದಲ್ಲಿ ಮುಳುಗಿದ ಊರು ಬಾಗಿಲಿಗೆ ಬಂದ ಮಹಾಜಂಗಮನಿಗೆ ಕಲ್ಲನ್ನಿತ್ತಿತು. ಬಂದವನ ಮಾತು ಕಟುವಾಗಿತ್ತು, ವೇಷವು ಗುರುತಿನದಾಗಿರಲಿಲ್ಲ, ಮುನ್ಸೂಚನೆಯೂ ಇರಲಿಲ್ಲ. ಸಿದ್ಧರಾಮರು ಪ್ರಭುಗಳನ್ನು ಅರಿತು ಶರಣಾದರು. ಅನಂತರ ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದರು. ಕಾರ್ಯದ ವ್ಯವಸ್ಥೆ ಎಷ್ಟು ದೊಡ್ಡದಾದರೂ ಬಂದವನನ್ನು ಕಾಣುವ ಕಣ್ಣನ್ನು ಅದು ಮುಚ್ಚಬಾರದೆಂಬ ಪಾಠವು ಇದರಲ್ಲಿದೆ. ಚಪ್ಪರ, ಗುತ್ತಿಗೆ, ಪಟ್ಟಿ, ಸಮಯಗಳ ಗಡಿಬಿಡಿಯಲ್ಲಿ ಹೊಸ್ತಿಲ ಬಳಿ ನಿಂತವನಿಗೆ ನೀರು ಕೊಡಲು ಯಾರಿಗೂ ಬಿಡುವಿಲ್ಲದಿದ್ದರೆ, ಅಂದಿನ ಕಲ್ಲು ಇಂದೂ ಬೀರಿದಂತೆಯೇ ಸರಿ.

ನಾಲ್ಕನೆಯದು, ದುಡಿಯುವ ಕೈಗಳ ಮಾತು. ಅತಿಥಿಸತ್ಕಾರದ ಕೀರ್ತಿಯು ಯಜಮಾನನಿಗೆ ಸಲ್ಲುತ್ತದೆ. ಹೊಗೆಯು ಮನೆಯ ತಾಯಿಯ ಕಣ್ಣಿಗೆ ಸಲ್ಲುತ್ತದೆ. ಬೆಳಗಿನ ಜಾವ ಎದ್ದು ರೊಟ್ಟಿ ಬಡಿದವಳು ಎಲ್ಲರೂ ಉಂಡಮೇಲೆ, ಇಳಿಹೊತ್ತಿನಲ್ಲಿ, ತಣ್ಣಗಾದುದನ್ನು ಉಣ್ಣುವಳು. ಲಕ್ಕಮ್ಮ ಗಂಡನಿಗೆ ಅಳತೆಯನ್ನು ಹೇಳಿದಳೆಂಬುದನ್ನು ಪ್ರೀತಿಯಿಂದ ಓದುವ ನಾವು, ಎಷ್ಟು ಜನರನ್ನು ಕರೆಯಬೇಕೆಂದು ನಮ್ಮ ಮನೆಯ ಲಕ್ಕಮ್ಮನನ್ನು ಕೇಳಿದ್ದುಂಟೆ? ದಾಸೋಹವು ತನು, ಮನ, ಧನ ಮೂರರದೂ ಹೌದು. ಧನವು ಒಬ್ಬನದು, ತನುವು ಇನ್ನೊಬ್ಬಳದು, ಮನವು ಯಾರದೂ ಅಲ್ಲವೆಂದಾದರೆ ಆ ಅರ್ಪಣೆ ಪೂರ್ಣವಾಗದು. ಆದ್ದರಿಂದ ಕರೆಯೋಲೆಯ ಮೊದಲ ಒಪ್ಪಿಗೆಯು ಅಡಿಗೆಮನೆಯಿಂದ ಬರಬೇಕು. ಬಡಿಸಲು, ನೀರು ತರಲು, ಎಲೆ ಎತ್ತಲು ಗಂಡುಮಕ್ಕಳು ನಿಲ್ಲಬೇಕು.

ಬರುವವರಿಗೂ ಧರ್ಮವುಂಟು. ಇಷ್ಟೇ ಜನ ಬರುವೆವೆಂದು ಹೇಳಿ ಎರಡರಷ್ಟು ಬರುವುದು, ಬರುವೆವೆಂದು ಹೇಳಿ ಬಾರದೆ ಅನ್ನವನ್ನು ಕೆಡಿಸುವುದು, ಉಂಡ ಮನೆಯ ಕೊರತೆಯನ್ನು ದಾರಿಯಲ್ಲಿ ಆಡಿಕೊಳ್ಳುವುದು, ಇವು ಪ್ರಸಾದಕ್ಕೆ ಮಾಡುವ ಅಪಚಾರಗಳು. ಎಲೆಯಲ್ಲಿ ಬಿಟ್ಟ ತುತ್ತು ಒಬ್ಬ ಒಕ್ಕಲಿನ ಬೆವರು ಎಂಬುದನ್ನು ಮಕ್ಕಳಿಗೆ ಆ ಪಂಕ್ತಿಯಲ್ಲಿಯೇ ಕಲಿಸಬೇಕು.

ಇಷ್ಟೆಲ್ಲ ಸರಿ, ಆದರೆ ಎಣಿಸಿ ಮಾಡಿದ ಅಡಿಗೆ ಮುಗಿದಮೇಲೆ ಎಣಿಕೆಯಿಲ್ಲದವನೊಬ್ಬನು ಬಂದರೆ ಏನು ಗತಿಯೆಂದು ಕೆಲವರು ಕೇಳಬಹುದು. ಅವನೇ ನಿಜವಾದ ಅತಿಥಿ. ಎಲ್ಲ ಸಿದ್ಧತೆಯ ಪರೀಕ್ಷೆಯೂ ಅವನಿಂದಲೇ. ಮೋಳಿಗೆ ಮಾರಯ್ಯನು ಕಟ್ಟಿಗೆ ಮಾರಿ ಬಾಳುತ್ತಿದ್ದವನು. ಬಸವಣ್ಣನವರು ಅವನ ಮನೆಗೆ ಬಂದಾಗ ಅಲ್ಲಿ ದೊರೆತದ್ದು ಅಂಬಲಿ. ಆ ಅಂಬಲಿಯನ್ನು ಪ್ರಸಾದವೆಂದು ಸ್ವೀಕರಿಸಿದ ಬಸವಣ್ಣನವರು ಅವನ ಬಡತನಕ್ಕೆ ಮರುಗಿ ಹೊನ್ನನ್ನು ಇರಿಸಿ ಹೋದರು. ಮಾರಯ್ಯನು ಅದನ್ನು ತನಗಾಗಿ ಮುಟ್ಟದೆ ಜಂಗಮರಿಗೆ ಒಪ್ಪಿಸಿದನು. ಅಂಬಲಿ ನೀಡಲು ಅವನಿಗೆ ನಾಚಿಕೆಯೆನಿಸಲಿಲ್ಲ. ಹೊನ್ನು ಕಾಣಲು ಅವನಿಗೆ ಆಸೆಯಾಗಲಿಲ್ಲ. ತನ್ನ ಪಾಲಿನ ಅರ್ಧ ರೊಟ್ಟಿಯನ್ನು ಮುರಿದು ಕೊಡುವ ಸ್ವಾತಂತ್ರ್ಯವು ಎಷ್ಟು ಬಡವನಿಗಾದರೂ ಉಂಟು. ಸಾಲದಲ್ಲಿ ಮುಳುಗಿ ಬೇಸತ್ತವನಿಗೆ ಮಾತ್ರ ಅದು ಕಷ್ಟ. ಅಳತೆಯನ್ನು ಬಲ್ಲವನ ಮನೆಯಲ್ಲಿ ಅಳತೆ ಮೀರಿ ಬಂದವನಿಗೂ ಮುಖ ಬಾಡುವುದಿಲ್ಲ.

ಹಾಗಾದರೆ ಕಸಬೆಯ ಆ ಗೃಹಸ್ಥನು ಕಾರ್ಯಾಲಯವನ್ನು ಹಿಡಿಯುವುದು ಬೇಡ. ಬೀಗರಿಗೆ ತನ್ನ ಮನೆಯ ಅಳತೆಯನ್ನು ನೇರವಾಗಿ ತಿಳಿಸಲಿ. ಎರಡು ಸಲ ಪಂಕ್ತಿ ಹಾಕಲಿ. ಪಕ್ಕದ ಮನೆಯವರ ಪಡಸಾಲೆಯನ್ನು ಸಂಕೋಚವಿಲ್ಲದೆ ಕೇಳಿ, ಅವರನ್ನೂ ಎಲೆಗೆ ಕೂಡಿಸಿಕೊಳ್ಳಲಿ. ಇದರಿಂದ ಕೆಲವು ಬಂಧುಗಳು ಮೂಗುಮುರಿಯಬಹುದು, ಮಗಳಿಗೆ ಒಂದೆರಡು ಚುಚ್ಚುಮಾತುಗಳೂ ಬರಬಹುದು. ಬಾರವೆಂದು ಹೇಳುವುದು ಸತ್ಯವಾಗದು. ಆದರೆ ಆ ಮಾತುಗಳನ್ನು ಅಡಗಿಸಲೆಂದು ಸಾಲದಿಂದ ಬಡಿಸಿದರೆ ಮುಂದಿನ ಸಂಕ್ರಾಂತಿಗೆ ಇನ್ನೂ ದೊಡ್ಡ ಚಪ್ಪರ ಬೇಕಾಗುವುದು. ತಂದೆಯು ನಿಜವನ್ನು ಮುಚ್ಚದೆ ನಡೆದ ಮನೆಯಿಂದ ಬಂದ ಮಗಳು ಹೋದ ಮನೆಯಲ್ಲಿಯೂ ತಲೆಯೆತ್ತಿ ನಿಲ್ಲಬಲ್ಲಳು.

ಅಕ್ಕಿಯನ್ನು ಎಣಿಸಬೇಕು, ಸಾಲವನ್ನು ಎಣಿಸಬೇಕು, ದುಡಿಯುವ ಕೈಗಳ ದಣಿವನ್ನು ಎಣಿಸಬೇಕು, ನೆರೆಯವರ ತೊಂದರೆಯನ್ನು ಎಣಿಸಬೇಕು. ಬಂದವನ ಕುಲವನ್ನು, ಅಂತಸ್ತನ್ನು, ಅವನಿಂದ ಮರಳಿ ಬರಬಹುದಾದ ಉಪಕಾರವನ್ನು ಎಣಿಸಬಾರದು. ಈ ವಿವೇಕವುಳ್ಳ ಗೃಹಸ್ಥನ ಎರಡು ಕೋಣೆಗಳ ಮನೆಯೂ ಮಹಾಮನೆಯೇ ಆಗುವುದರಲ್ಲಿ ಸಂಶಯವಿಲ್ಲ.