ಹಿಮದಲ್ಲಿ ಹುಟ್ಟಿದ ಮಗು ಯಾರಿಗೆ ಸಾಲಗಾರ?

ನಮ್ಮ ಬದುಕಿನ ಬಹುದೊಡ್ಡ ಘಟನೆ ನಮಗೇ ನೆನಪಿಲ್ಲ. ಅದು ನಮ್ಮ ಹುಟ್ಟು. ಹಗಲೋ ಇರುಳೋ, ಹತ್ತಿರ ಯಾರಿದ್ದರು, ಹೊರಗೆ ಮಳೆಯಿತ್ತೋ ಬಿಸಿಲಿತ್ತೋ, ಎಲ್ಲವನ್ನೂ ತಂದೆತಾಯಿಯ ಬಾಯಿಂದಲೇ ಕೇಳಿ ತಿಳಿಯುತ್ತೇವೆ. ಆ ನೆನಪು ಅವರ ಬಳಿ ಇರುವ ನಮ್ಮ ಅಮಾನತ್ತು. ಅದನ್ನು ಅವರು ಹೇಗೆ ಒಪ್ಪಿಸುತ್ತಾರೆ ಎಂಬುದು ಬರೀ ಕತೆಯ ಮಾತಲ್ಲ, ನೀತಿಯ ಮಾತು.

ಕಾಶ್ಮೀರದ ಹಳ್ಳಿಗಳನ್ನು ನೆನೆದರೆ ಈ ಮಾತು ಇನ್ನಷ್ಟು ತೂಕ ಪಡೆಯುತ್ತದೆ. ಅಲ್ಲಿ ಡಿಸೆಂಬರ್ 21ರಿಂದ ‘ಚಿಲ್ಲೈ ಕಲಾನ್’, 40 ದಿನಗಳ ಕಡುಚಳಿ. ಅದರ ಬೆನ್ನಿಗೆ 20 ದಿನಗಳ ‘ಚಿಲ್ಲೈ ಖುರ್ದ್’, 10 ದಿನಗಳ ‘ಚಿಲ್ಲೈ ಬಚ್ಚಾ’. ಚಿಲ್ಲಾ ಎಂದರೆ ನಲವತ್ತು ದಿನಗಳ ಅವಧಿ. ಸೂಫಿಗಳ ಏಕಾಂತ ಸಾಧನೆಗೂ ಅದೇ ಹೆಸರು. ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ಬಾಣಂತಿಯ ನಲವತ್ತು ದಿನಗಳಿಗೂ ಅದೇ ಹೆಸರು. ಜನವರಿಯಲ್ಲಿ ಹೆತ್ತ ಕಾಶ್ಮೀರದ ತಾಯಿಗೆ ಎರಡು ಚಿಲ್ಲಾಗಳು ಒಟ್ಟಿಗೇ ಎದುರಾಗುತ್ತವೆ. ಹೊರಗೆ ಹಿಮ, ಒಳಗೆ ಕಾಂಗಡಿಯ ಕೆಂಡ, ಮಡಿಲಲ್ಲಿ ಹಸುಗೂಸು.

ಚಳಿಗಾಲದಲ್ಲಿ ಅಲ್ಲಿನ ಎಷ್ಟೋ ಗಂಡಸರು ಶಾಲು ಮಾರಲು ದೇಶದ ಊರೂರು ಸುತ್ತುತ್ತಾರೆ. ನಮ್ಮ ಬೆಂಗಳೂರಿನ ಬೀದಿಗಳಲ್ಲೂ ಅವರ ಗಂಟುಗಳನ್ನು ಕಂಡಿದ್ದೇವೆ. ಅಂಥ ತಂದೆಗೆ ಮಗುವಿನ ಹುಟ್ಟು ದೂರದಿಂದ ಕೇಳಿದ ಸುದ್ದಿ. ಆದರೆ ತಂದೆ ಮನೆಯಲ್ಲೇ ಇದ್ದರೂ ಅವನ ಕತೆಯಲ್ಲಿ ಹಿಮದ ಆಳ, ಮುಚ್ಚಿದ ದಾರಿ, ತಾನು ಪಟ್ಟ ಪರದಾಟ ಇವೇ ಹೆಚ್ಚು. ಹೆತ್ತವಳ ನೋವು ಆ ಹಿಮದಡಿ ಹೂತುಹೋಗುತ್ತದೆ. ಕುರ್‌ಆನ್ ಹಾಗೆ ಮಾಡುವುದಿಲ್ಲ. ಖರ್ಜೂರದ ಮರದಡಿ ಹಜ್ರತ್ ಮರ್ಯಮ್ ಪಟ್ಟ ಹೆರಿಗೆಯ ಸಂಕಟವನ್ನು ಅದು ಮರೆಮಾಚದೆ ಹೇಳುತ್ತದೆ.

ಇನ್ನೊಂದು ಅಪಾಯವೂ ಉಂಟು. “ಅಂಥ ಹಿಮದಲ್ಲಿ ನಿನ್ನನ್ನು ಹೆತ್ತೆವು” ಎಂಬ ಮಾತು ಮಗನ ಓದು, ಮಗಳ ಮದುವೆ, ಆಸ್ತಿಯ ಪಾಲು ಎಲ್ಲಕ್ಕೂ ಸಾಲಪತ್ರವಾಗಬಹುದು. ತಂದೆತಾಯಿಗೆ ಕೃತಜ್ಞರಾಗಿರಿ ಎಂದು ಸೂರಾ ಲುಕ್ಮಾನ್ ಆಜ್ಞಾಪಿಸುತ್ತದೆ, ನಿಜ. ಅದು ಅಲ್ಲಾಹನು ಮಕ್ಕಳಿಗೆ ಹೊರಿಸಿದ ಹೊಣೆ. ತಂದೆತಾಯಿಯ ಕೈಗೆ ಕೊಟ್ಟ ವಸೂಲಿ ಚೀಟಿಯಲ್ಲ. ಹುಟ್ಟಿಸೆಂದು ಮಗು ಅರ್ಜಿ ಹಾಕಿರಲಿಲ್ಲ.

ಹಾಗಾದರೆ ಹೇಳದೆ ಸುಮ್ಮನಿರಬೇಕೆ? ಬೇಡ. ಪೂರ್ತಿ ಹೇಳಬೇಕು. 2020ರ ಜನವರಿಯಲ್ಲಿ ಕಾಶ್ಮೀರದಲ್ಲಿ ಗರ್ಭಿಣಿಯೊಬ್ಬಳನ್ನು ಸ್ಟ್ರೆಚರಿನಲ್ಲಿ ಹೊತ್ತು ನೂರಕ್ಕೂ ಹೆಚ್ಚು ಸೈನಿಕರು, ಮೂವತ್ತು ಮಂದಿ ನಾಗರಿಕರು ನಾಲ್ಕು ಗಂಟೆ ಹಿಮದಲ್ಲಿ ನಡೆದರು. ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ತಾಯಿ ಮಗು ಕ್ಷೇಮ. ಆ ಮಗು ಹೆತ್ತವರಿಗಷ್ಟೇ ಅಲ್ಲ, ಹೆಸರೂ ತಿಳಿಯದ ನೂರಾರು ಹೆಗಲುಗಳಿಗೆ ಋಣಿ. ಒಬ್ಬಿಬ್ಬರ ಸಾಲವನ್ನು ತೀರಿಸಿ ಕೈತೊಳೆದುಕೊಳ್ಳಬಹುದು. ಇಷ್ಟು ಜನರ ಋಣವನ್ನು ಮತ್ತೊಬ್ಬರಿಗೆ ಹೆಗಲು ಕೊಟ್ಟೇ ತೀರಿಸಬೇಕು.

ಹೆಗಲು ಕೊಡುವುದೆಂದರೆ ಹೊರುವುದಷ್ಟೇ ಅಲ್ಲ, ಕೇಳುವುದೂ ಹೌದು. 2023ರ ಫೆಬ್ರವರಿಯಲ್ಲಿ ಹಿಮದಿಂದ ದಾರಿ ಕಡಿದುಹೋದ ಕೇರನ್‌ನಲ್ಲಿ ದೂರದ ವೈದ್ಯರು ವಾಟ್ಸಾಪ್ ಕರೆಯಲ್ಲಿ ದಾರಿ ತೋರಿಸಿ ಕಷ್ಟದ ಹೆರಿಗೆಯೊಂದನ್ನು ಮಾಡಿಸಿದರು. ಅವರಿಗೆ ದುಆ ಸಲ್ಲಲಿ. ಆದರೆ ಚಿಲ್ಲೈ ಕಲಾನ್ ಹೇಳದೆ ಬರುವ ನೆಂಟನಲ್ಲ. ಅದರ ತಾರೀಖು ಎಲ್ಲರಿಗೂ ಗೊತ್ತು. ಹೆರಿಗೆಯ ತಿಂಗಳೂ ಗೊತ್ತು. ದಿನ ತುಂಬುವ ಮೊದಲೇ ಆಸ್ಪತ್ರೆಯ ಸಮೀಪ ಗರ್ಭಿಣಿಯರು ಬಂದು ತಂಗುವ ಮನೆಗಳನ್ನು ಎಷ್ಟೋ ದೇಶಗಳು ಕಟ್ಟಿವೆ. ಸಾಹಸವನ್ನು ಕೊಂಡಾಡುವ ಭರದಲ್ಲಿ, ಸಾಹಸ ಬೇಕಾಗಿ ಬಂದದ್ದೇಕೆ ಎಂದು ಕೇಳುವುದನ್ನು ನಾವು ಮರೆಯಬಾರದು.

ಹೆತ್ತವರು ಮಗುವಿಗೆ ಅದರ ಹುಟ್ಟಿನ ಕತೆ ಹೇಳುವಾಗ ತಾಯಿಯ ನೋವು, ಹೊತ್ತವರ ಹೆಗಲು, ಇಲ್ಲದ ದಾರಿ ಮೂರನ್ನೂ ಹೇಳಲಿ. ಅಮಾನತ್ತು ಪೂರ್ತಿಯಾಗಿ ಕೈಸೇರಿದ ಮಗುವಿಗೆ, ಮುಂದಿನ ಚಳಿಗಾಲದಲ್ಲಿ ಹೆರಲಿರುವ ಹೆಣ್ಣೂ ತನ್ನವಳೇ ಎಂದು ಬೇರೆ ಹೇಳಿಕೊಡಬೇಕಾಗುವುದಿಲ್ಲ.