ಸೋತೆ ಅನ್ನೋ ಮಾತನ್ನ ಯಾರ ಮುಂದೆ ಆಡಬೇಕು?

ಕುಡಿತದ ಮಾತು ಬಂದಾಗಲೆಲ್ಲ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಊರಿನ ಯಜಮಾನರದು ಒಂದು: 'ಆ ಕೇರಿಯೋರಿಗೆ ಎಷ್ಟು ಕೊಟ್ರೂ ಅಷ್ಟೇ ಕಣ್ರೀ, ಎಲ್ಲಾ ತಗೊಂಡೋಗಿ ಹೆಂಡದಂಗಡಿಗೆ ಸುರೀತಾರೆ.' ನಮ್ಮ ಗೆಳೆಯರದು ಇನ್ನೊಂದು: ಕುಡಿತ ಈ ವ್ಯವಸ್ಥೆಯ ಕೂಸು, ವ್ಯವಸ್ಥೆ ಬದಲಾದ ದಿನ ಅದೂ ಹೋಗುತ್ತದೆ. ಮೊದಲನೆಯದು ಹಸೀ ಸುಳ್ಳು. ಊರೊಳಗಿನವರು ಬಾಗಿಲು ಹಾಕಿಕೊಂಡು ಕುಡಿಯುತ್ತಾರೆ. ನಮ್ಮವರು ಬೀದಿಯಲ್ಲಿ ಬೀಳುತ್ತಾರೆ. ವ್ಯತ್ಯಾಸ ಅಷ್ಟೆ. ಎರಡನೆಯದು ನಿಜ. ಆದರೆ ಅರ್ಧ ನಿಜ.

ಆ ಅರ್ಧವನ್ನು ನಾವು ಬಿಟ್ಟುಕೊಡುವುದಿಲ್ಲ. ಮಲಗುಂಡಿಗೆ ಇಳಿಯುವವನು ನಾತ ತಡೆಯಲಾರದೆ ಕುಡಿದು ಇಳಿಯುತ್ತಾನೆ. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂದವು. ಆಮೇಲೂ ಇಳಿದವರಿದ್ದಾರೆ, ಸತ್ತವರಿದ್ದಾರೆ. ಇಳಿಸಿದವರನ್ನು ಕೇಳದ ಸಮಾಜ ಕುಡಿದವನನ್ನು ಕೇಳುತ್ತದೆ! ಸಂವಿಧಾನದ 47ನೇ ವಿಧಿ ಮದ್ಯ ನಿಲ್ಲಿಸಲು ಪ್ರಯತ್ನಿಸು ಎಂದು ಸರ್ಕಾರಕ್ಕೆ ಹೇಳುತ್ತದೆ. ಅದೇ ಸರ್ಕಾರ ಅಬಕಾರಿ ಹಣದಿಂದ ಬೊಕ್ಕಸ ತುಂಬಿಸಿಕೊಳ್ಳುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳುತ್ತಾ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಅವರ ಪ್ರಶ್ನೆ ಇನ್ನೂ ಹಾಗೇ ಇದೆ.

ಆದರೆ ವ್ಯವಸ್ಥೆ ಬದಲಾಗುವ ತನಕ ಇವತ್ತಿನ ರಾತ್ರಿ ಏನು ಮಾಡುವುದು? ಕೂಲಿ ದುಡ್ಡು ಕಸಿದುಕೊಳ್ಳುವ ಗಂಡನ ಮುಂದೆ ನಿಂತ ಹೆಂಗಸಿಗೆ 'ತಾಳವ್ವ, ಕ್ರಾಂತಿ ಆಗಲಿ' ಎನ್ನುವುದೆ? ಇನ್ನೊಂದು ಮಾತು. ಎಲ್ಲವನ್ನೂ ವ್ಯವಸ್ಥೆಯೇ ಮಾಡಿಸಿತು ಎಂದರೆ, ಕುಡಿದವನನ್ನು ನಾವು ಮನುಷ್ಯನೆಂದು ಗೌರವಿಸಿದಂತಾಗುವುದಿಲ್ಲ, ದಾರ ಕಟ್ಟಿದ ಗೊಂಬೆ ಮಾಡಿದಂತಾಗುತ್ತದೆ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದು. ಅದು ಮೇಲಿನವರು ಕೆಳಗಿನವರಿಗೆ ಹೇಳಿದ ಬುದ್ಧಿಮಾತಲ್ಲ. ತಲೆಯೆತ್ತಿ ನಿಂತವರು ತಮಗೆ ತಾವೇ ಕೊಟ್ಟುಕೊಂಡ ಮಾತು.

ಮಾತು ಕೊಟ್ಟೂ ಉಳಿಸಿಕೊಳ್ಳಲಾಗದವರು? ಅಲ್ಲಿಂದ ಮುಂದೆ ಒಬ್ಬನ ಛಲ ಸಾಲದು. 1935ರಲ್ಲಿ ಅಮೆರಿಕದ ಏಕ್ರನ್ ಊರಲ್ಲಿ ಇಬ್ಬರು ಕುಡುಕರು ಕಂಡುಕೊಂಡ ಸತ್ಯ ಇದು: ಒಬ್ಬ ಕುಡುಕನ ಸಂಕಟ ಇನ್ನೊಬ್ಬ ಕುಡುಕನಿಗೆ ತಿಳಿದಷ್ಟು ಬೇರಾರಿಗೂ ತಿಳಿಯದು. ಹಾಗೆ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ 1957ರಲ್ಲಿ ಭಾರತಕ್ಕೂ ಬಂತು. ಶುಲ್ಕ ಇಲ್ಲ, ಹೊರಗಿನವರ ದೇಣಿಗೆ ಇಲ್ಲ. ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು.

ಆದರೆ ಅವರ ಮೊದಲ ಮೆಟ್ಟಿಲೇ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಮದ್ಯದ ಮುಂದೆ ನಾವು ಶಕ್ತಿಹೀನರು ಎಂದು ಒಪ್ಪಿಕೊಳ್ಳಬೇಕಂತೆ. ಸಾವಿರಾರು ವರ್ಷ 'ನಿಮ್ಮ ಕೈಲಿ ಏನೂ ಆಗಲ್ಲ' ಅಂತ ಅನ್ನಿಸಿಕೊಂಡ ಜನ ನಾವು. ಮತ್ತೆ ಅದೇ ಮಾತನ್ನು ನಮ್ಮ ಬಾಯಿಂದಲೇ ಹೇಳಿಸುವುದೆ?

ಸೋಲು ಒಪ್ಪಿಕೊಳ್ಳುವುದರಲ್ಲೂ ಎರಡು ಬಗೆ. ಒಡೆಯನ ಮುಂದೆ ಕೈಕಟ್ಟಿ 'ತಪ್ಪಾಯ್ತು ಬುದ್ಧಿ' ಎನ್ನುವುದು ಒಂದು. ಅದು ಗುಲಾಮಗಿರಿ. ತನ್ನಂತೆಯೇ ಬಿದ್ದು ಎದ್ದವರ ನಡುವೆ ಕೂತು 'ಬಾಟ್ಲಿ ಮುಂದೆ ನಾನ್ ಸೋತೆ ಕಣಣ್ಣ' ಎನ್ನುವುದು ಇನ್ನೊಂದು. ಇಲ್ಲಿ ಕೇಳುವವನು ಮೇಲೆ ಕೂತಿಲ್ಲ. ನಾಳೆ ಅವನೂ ಅದನ್ನೇ ಹೇಳುತ್ತಾನೆ. ಬಾಟಲಿಯ ಮುಂದೆ ಸೋತೆ ಎಂದವನು ಜಮೀನ್ದಾರನ ಮುಂದೆ ಸೋತೆ ಎಂದಂತಲ್ಲ. ಅಮಲು ಇಳಿದವನೇ ಜಮೀನ್ದಾರನಿಗೆ ಎದುರು ನಿಲ್ಲಬಲ್ಲ. ದೇವರ ಮಾತೂ ಅಲ್ಲಿ ಬರುತ್ತದೆ, ಆದರೆ ಅವರವರು ತಿಳಿದಂತೆ. ದೇವರಿಲ್ಲ ಎನ್ನುವವರು ಆ ಗುಂಪಿನ ಬಲವನ್ನೇ ನೆಚ್ಚಬಹುದು, ಹಾಗೆ ನೆಚ್ಚಿದವರಿದ್ದಾರೆ.

ಆದರೆ ಗುಂಪು ಸೇರುವುದು ಎಲ್ಲಿ? ಗುಡಿಯ ಜಗಲಿಯಲ್ಲಾದರೆ ನಮ್ಮವರು ಹತ್ತುವುದು ಹೇಗೆ? ಸಭೆಯ ಚಹಾಕ್ಕೆ ಎರಡು ಬಗೆಯ ಲೋಟ ಇದ್ದರೆ ಅದು ಎಂಥ ಆಸರೆ? ಹೆಸರು ಗುಟ್ಟಾಗಿರಬೇಕು ಎಂಬುದು ಅವರ ನಿಯಮ. ಪಟ್ಟಣದಲ್ಲಿ ಅದು ಸುಲಭ. ನಡಿಗೆ ನೋಡಿಯೇ ಇಂಥವನ ಮಗ ಎನ್ನುವ ಊರಲ್ಲಿ ಕಷ್ಟ. ಅಲ್ಲಿ ಹೆಸರಲ್ಲ, ಆಡಿದ ಮಾತು ಗುಟ್ಟಾಗಿ ಉಳಿಯಬೇಕು. ಹತ್ತಿರ ಗುಂಪಿಲ್ಲದಿದ್ದರೆ ಕೇರಿಯ ಶಾಲೆಯಲ್ಲೋ ಅಂಬೇಡ್ಕರ್ ಭವನದಲ್ಲೋ ವಾರಕ್ಕೊಂದು ಸಂಜೆ ನಾಲ್ಕು ಜನ ಕೂತರೂ ಆಯಿತು. ಹೆಣ್ಣುಮಕ್ಕಳಿಗೆ ಬೇರೆ ಕೂಟವೇ ಬೇಕು. ಹೊಡೆತ ತಿಂದವರ ಮಾತು ಹೊಡೆದವರ ಮುಂದೆ ಬಾಯಿಗೆ ಬರುವುದಿಲ್ಲ.

ಮೇಷ್ಟರುಗಳು, ಕಾರ್ಯಕರ್ತರು ಒಂದನ್ನು ಮರೆಯಬಾರದು. ದಿನಾ ವಿಪರೀತ ಕುಡಿಯುವವನನ್ನು ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಕೈನಡುಕ, ಫಿಟ್ಸು, ಎರಡು ಮೂರು ದಿನದಲ್ಲಿ ಬುದ್ಧಿಭ್ರಮೆ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಮೊದಲು ಡಾಕ್ಟರು, ಆಮೇಲೆ ಗುಂಪು. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಒಂದು ವಿಭಾಗವಿದೆ. 14446, 14416 ಕಾಸಿಲ್ಲದ ಸರ್ಕಾರಿ ಫೋನುಗಳು.

ಇಂಥ ಗುಂಪು ಅಬಕಾರಿ ನೀತಿಯ ಬಗ್ಗೆ ಮಾತಾಡುವುದಿಲ್ಲ. ಮಾತಾಡದಿರುವುದೇ ಅದರ ಕಟ್ಟಳೆ. ಇರಲಿ, ಆ ಮಾತಾಡಲು ಚಳವಳಿ ಇದೆ. ಚಳವಳಿಯನ್ನು ಗುಂಪು ನುಂಗಬಾರದು, ಗುಂಪನ್ನು ಚಳವಳಿ ನುಂಗಬಾರದು. ನಾಲ್ಕು ದಿನ ಬಿಟ್ಟು ಐದನೇ ದಿನ ಮತ್ತೆ ಕುಡಿದು ಬಂದವನಿಗೆ ಘೋಷಣೆ ಬೇಡ, ಪಕ್ಕದಲ್ಲಿ ಜಾಗ ಬೇಕು. ಆ ಜಾಗ ಬಿಟ್ಟುಕೊಡೋಣ. ಅಂಗಡಿಯ ಮುಂದಿನ ಧರಣಿಗೂ ಹೋಗೋಣ.