ಇನ್ನೂ ಬಾರದ ಪೆಟ್ಟು

ಕೋವಿಯಿಂದ ಚರೆ ಮುಂದಕ್ಕೆ ಹಾರಿದರೆ ಕೋವಿ ಹಿಂದಕ್ಕೆ ಒದೆಯಲೇಬೇಕು. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೂರನೆಯ ನಿಯಮಕ್ಕೆ ಯಾವ ಹೆಗಲೂ ಹೊರತಲ್ಲ. ಒಲಿಂಪಿಕ್ಸ್‌ನ ಹಾರುವ ತಟ್ಟೆ ಹೊಡೆಯುವ ಟ್ರ್ಯಾಪ್ ಮತ್ತು ಸ್ಕೀಟ್ ಸ್ಪರ್ಧೆಗಳ 12 ಬೋರ್ ತೋಟಾದಲ್ಲಿ 24 ಗ್ರಾಂ ಚರೆ ಇರುತ್ತದೆ. ಅದು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ, ಮೂರೂವರೆ ಕಿಲೋ ತೂಕದ ಕೋವಿ ಸೆಕೆಂಡಿಗೆ ಸುಮಾರು 2.7 ಮೀಟರ್ ವೇಗದಲ್ಲಿ ಹೆಗಲಿಗೆ ನುಗ್ಗುತ್ತದೆ. ಮದ್ದಿನ ಅನಿಲವನ್ನೂ ಚರೆಯ ಹಿಂದಿನ ವ್ಯಾಡನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನಷ್ಟು. ಆರೋಗ್ಯವಂತರು ತಾಳಿಕೊಳ್ಳಲಾರದ ಪೆಟ್ಟೇನೂ ಇದಲ್ಲ. ಆದರೂ ಹಾರುವ ತಟ್ಟೆಗೆ ಗುರಿಯಿಡಲು ಹೊಸದಾಗಿ ಕಲಿಯುವವರು ಗುರಿ ತಪ್ಪಿದಾಗಲೆಲ್ಲ ಒದೆತವನ್ನೇ ದೂರುತ್ತಾರೆ. ಈ ದೂರು ನಿಜವೇ ಎಂದು ಕೇಳಹೊರಟರೆ ತತ್ತ್ವಶಾಸ್ತ್ರದ ಒಂದು ಹಳೆಯ ಪ್ರಶ್ನೆ ಎದುರಾಗುತ್ತದೆ. ಹೆದರಬೇಕಾಗಿಲ್ಲ ಎಂದು ಬುದ್ಧಿಗೆ ತಿಳಿದ ಮೇಲೂ ದೇಹ ಹೆದರುವುದೇಕೆ?

ಮೊದಲು ದೂರಿನ ವಿಚಾರ. ಮದ್ದು ಹೊತ್ತಿಕೊಂಡ ಮೂರು ನಾಲ್ಕು ಮಿಲಿಸೆಕೆಂಡಿನೊಳಗೆ ಚರೆ ನಳಿಗೆ ದಾಟಿ ಹೋಗಿರುತ್ತದೆ. ಅಷ್ಟರಲ್ಲಿ ಕೋವಿ ಹಿಂದಕ್ಕೆ ಸರಿಯುವುದು ಅರ್ಧ ಸೆಂಟಿಮೀಟರಿನಷ್ಟು. ಜೋರಾದ ಸದ್ದಿಗೆ ಮನುಷ್ಯನ ಕಣ್ಣು ಮಿಟುಕತೊಡಗಲು ಸುಮಾರು 30 ಮಿಲಿಸೆಕೆಂಡ್ ಬೇಕು. ಕೈಕಾಲು ಕದಲಲು ಇನ್ನೂ ಹೆಚ್ಚು. ಅಂದರೆ ಹೆಗಲಿಗೆ ಪೆಟ್ಟು ಬಿದ್ದದ್ದು ದೇಹದ ಅರಿವಿಗೆ ಬರುವ ಹೊತ್ತಿಗೆ ಚರೆಯ ದಾರಿ ಇತ್ಯರ್ಥವಾಗಿಬಿಟ್ಟಿರುತ್ತದೆ. ಹಾಗಾಗಿ ಈಗ ಬಿದ್ದ ಪೆಟ್ಟಿಗೆ ಬೆಚ್ಚಿ ಗುರಿ ತಪ್ಪಿತು ಎನ್ನುವುದು ಸಾಧ್ಯವೇ ಇಲ್ಲ. ಬೀಳಲಿದೆ ಎಂದು ದೇಹ ಎಣಿಸಿದ ಪೆಟ್ಟು ಗುರಿ ಕೆಡಿಸುತ್ತದೆ. ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ, ಹೆಗಲು ಮುಂದಕ್ಕೆ ತಳ್ಳುತ್ತದೆ, ನಳಿಗೆಯ ಮೂತಿ ಕೆಳಗೆ ಬೀಳುತ್ತದೆ. ಇದನ್ನು ಪತ್ತೆಹಚ್ಚಲು ತರಬೇತುದಾರರಿಗೆ ಸರಳವಾದ ಪರೀಕ್ಷೆಯಿದೆ. ಕಲಿಯುವವನಿಗೆ ತಿಳಿಯದಂತೆ ನಿಜವಾದ ತೋಟಾಗಳ ನಡುವೆ ಒಂದು ಹುಸಿ ತೋಟಾ ತುಂಬುತ್ತಾರೆ. ಸದ್ದಿಲ್ಲ, ಒದೆತವಿಲ್ಲ, ಆದರೂ ಕೋವಿಯ ಮೂತಿ ಕುಸಿದದ್ದು ಎಲ್ಲರಿಗೂ ಕಾಣುತ್ತದೆ.

ಚಾರ್ಲ್ಸ್ ಡಾರ್ವಿನ್ ಇಂಥದೇ ಪರೀಕ್ಷೆಯನ್ನು ತನ್ನ ಮೇಲೆ ಮಾಡಿಕೊಂಡಿದ್ದ. ಭಾವಗಳ ಅಭಿವ್ಯಕ್ತಿಯ ಬಗ್ಗೆ 1872ರಲ್ಲಿ ಬರೆದ ಪುಸ್ತಕದಲ್ಲಿ ಅದರ ವಿವರವಿದೆ. ಲಂಡನ್ನಿನ ಮೃಗಾಲಯದಲ್ಲಿ ವಿಷದ ಹಾವಿನ ಪೆಟ್ಟಿಗೆಯ ದಪ್ಪ ಗಾಜಿಗೆ ಮುಖವಿಟ್ಟು, ಹಾವು ಎಗರಿದರೂ ಹಿಂದೆ ಸರಿಯುವುದಿಲ್ಲವೆಂದು ಗಟ್ಟಿ ಸಂಕಲ್ಪ ಮಾಡಿ ನಿಂತ. ಹಾವು ಎಗರಿತು, ಡಾರ್ವಿನ್ ಹಿಂದಕ್ಕೆ ಹಾರಿದ. ಗಾಜು ಒಡೆಯದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾವಿನಿಂದ ಕಚ್ಚಿಸಿಕೊಂಡ ಅನುಭವವೂ ಇರಲಿಲ್ಲ. ಸಂಕಲ್ಪ, ತಿಳಿವಳಿಕೆ ಎರಡೂ ಸೋತವು.

ಗ್ರೀಕ್ ಮತ್ತು ರೋಮನ್ ಸ್ಟೋಯಿಕ್ ಚಿಂತಕರು ಈ ಸೋಲನ್ನು ಮೊದಲೇ ಗಮನಿಸಿದ್ದರು. ಎರಡನೆಯ ಶತಮಾನದ ರೋಮನ್ ಲೇಖಕ ಔಲಸ್ ಗೆಲಿಯಸ್ ಒಂದು ಪ್ರಸಂಗ ಹೇಳುತ್ತಾನೆ. ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ ಹೆಸರಾಂತ ಸ್ಟೋಯಿಕ್ ತತ್ತ್ವಜ್ಞಾನಿಯೊಬ್ಬನ ಮುಖವೂ ಉಳಿದವರಂತೆ ಬಿಳಿಚಿಕೊಂಡಿತು. ಗಾಳಿ ನಿಂತ ಮೇಲೆ ಗೆಲಿಯಸ್ ಕಾರಣ ಕೇಳಿದ. ಆ ತತ್ತ್ವಜ್ಞಾನಿ ಚೀಲದಿಂದ ಸ್ಟೋಯಿಕ್ ಗುರು ಎಪಿಕ್ಟೆಟಸನ ಉಪನ್ಯಾಸಗಳ ಸಂಪುಟವೊಂದನ್ನು ತೆಗೆದು ಓದಲು ಕೊಟ್ಟ. ಅದರ ಸಾರವಿಷ್ಟು: ಹಠಾತ್ತನೆ ಎದುರಾದದ್ದಕ್ಕೆ ಮೈ ನಡುಗುವುದು ಯಾರ ಅಧೀನದಲ್ಲೂ ಇಲ್ಲ, ಜ್ಞಾನಿಯ ಮೈಯೂ ನಡುಗುತ್ತದೆ. ಇದು ನಿಜಕ್ಕೂ ಕೆಡುಕು ಎಂದು ಒಪ್ಪಿಕೊಳ್ಳುವುದು ಮಾತ್ರ ಅವನವನ ಕೈಯಲ್ಲಿದೆ, ಜ್ಞಾನಿ ಆ ಒಪ್ಪಿಗೆ ಕೊಡುವುದಿಲ್ಲ.

ಬಿರುಗಾಳಿಯಲ್ಲಿ ಕೂತ ಪ್ರಯಾಣಿಕನಿಗೆ ಈ ಉತ್ತರ ಸಾಕು. ಮುಖ ಬಿಳಿಚಿದರೆ ಹಡಗೇನೂ ಮುಳುಗದು. ಕೋವಿ ಹಿಡಿದವನಿಗೆ ಸಾಲದು. ಸ್ಟೋಯಿಕರು ನಿರಪರಾಧಿ ಎಂದು ಬಿಟ್ಟುಕೊಟ್ಟ ಆ ಮೊದಲ ಕಂಪನವೇ ಇಲ್ಲಿ ತಪ್ಪು. ಮನಸ್ಸು ಎಷ್ಟೇ ಸಮಾಧಾನವಾಗಿದ್ದರೂ ಕಣ್ಣು ಮುಚ್ಚಿದರೆ ತಟ್ಟೆ ಹಾರಿಹೋಗುತ್ತದೆ. ಬೌದ್ಧರ ಸಲ್ಲಸುತ್ತದ ಎರಡು ಬಾಣಗಳ ಉಪದೇಶವನ್ನೂ ಇಲ್ಲಿ ಹಾಗೆಯೇ ಅನ್ವಯಿಸಲಾಗದು. ದೇಹದ ನೋವು ಮೊದಲನೆಯ ಬಾಣ, ಅದಕ್ಕಾಗಿ ಮನಸ್ಸು ಪಡುವ ಸಂಕಟ ಎರಡನೆಯದು ಎನ್ನುತ್ತದೆ ಅದು. ಒದೆತದ ವಿಷಯದಲ್ಲಿ ಎರಡನೆಯ ಬಾಣವೇ ಮೊದಲು ತಾಗುತ್ತದೆ.

ಈ ಸಮಸ್ಯೆಗೆ ಹೆಚ್ಚು ಹತ್ತಿರ ಬರುವವನು ಪತಂಜಲಿ. ಬಂದ ದುಃಖ, ಬರಲಿರುವ ದುಃಖ ಎಂಬ ಭೇದ ಅವನಲ್ಲಿ ಸ್ಪಷ್ಟವಾಗಿದೆ. ಕಳೆಯಬೇಕಾದದ್ದು ಇನ್ನೂ ಬಾರದ ದುಃಖವನ್ನು ಎಂದು ಯೋಗಸೂತ್ರದ ಎರಡನೆಯ ಪಾದ ಹೇಳುತ್ತದೆ. ಅದೇ ಪಾದದಲ್ಲಿ ಮುಂದೆ ಆಸನದ ಮಾತು ಬರುತ್ತದೆ. ಭಂಗಿ ಸ್ಥಿರವಾಗಿರಬೇಕು, ಸುಖವಾಗಿಯೂ ಇರಬೇಕು. ಬಿಗಿದ ಪ್ರಯತ್ನ ಸಡಿಲವಾದಾಗ ಅದು ಸಿದ್ಧಿಸುತ್ತದೆ. ಆಮೇಲೆ ದ್ವಂದ್ವಗಳು ಬಾಧಿಸುವುದಿಲ್ಲ. ಸೂತ್ರಕಾರನ ಗುರಿ ಸಮಾಧಿಯೇ ಹೊರತು ಬಂದೂಕಿನ ಆಟವಲ್ಲ, ಅದನ್ನು ಮರೆಯಬಾರದು. ಆದರೆ ದೇಹವನ್ನು ಮಾತಿನಿಂದ ಒಪ್ಪಿಸಲಾಗದು, ನಿಲ್ಲಿಸುವ ಬಗೆಯಿಂದ ಒಪ್ಪಿಸಬೇಕು ಎಂಬ ತಿಳಿವಳಿಕೆ ಎರಡು ಕಡೆಯೂ ಒಂದೇ.

ಶೂಟಿಂಗ್ ಅಂಕಣದಲ್ಲಿ ಆ ಭಂಗಿ ಹೀಗಿರುತ್ತದೆ. ಬಲಗೈಯವರು ಎಡಗಾಲು ಮುಂದಿಟ್ಟು, ಮೈಭಾರದ ಹೆಚ್ಚು ಪಾಲನ್ನು ಅದರ ಮೇಲೆ ಬಿಟ್ಟು ತುಸು ಮುಂದಕ್ಕೆ ವಾಲಿ ನಿಲ್ಲುತ್ತಾರೆ. ಹಿಂದಕ್ಕೆ ವಾಲಿದರೆ ಒದೆತ ಮೈಯನ್ನೇ ತಳ್ಳುತ್ತದೆ. ಕೋವಿ ಎತ್ತುವಾಗ ಹಿಡಿಯ ಮೇಲಂಚು ಕೆನ್ನೆಗೆ ಬರುತ್ತದೆ, ಹಿಂಬದಿ ಕೊರಳೆಲುಬಿಗೂ ತೋಳಿನ ಕೀಲಿಗೂ ನಡುವಿನ ಮೆತ್ತನೆಯ ಕುಳಿಯಲ್ಲಿ ಕೂರುತ್ತದೆ. ಅಲ್ಲಿ ಸಂದು ಉಳಿಯಬಾರದು. ಒದೆತಕ್ಕೆ ಹೆದರಿ ಕೋವಿಯನ್ನು ಹೆಗಲಿನಿಂದ ಒಂದಿಷ್ಟು ದೂರ ಹಿಡಿಯುವವರಿದ್ದಾರೆ. ತಳ್ಳಿಕೆಯಾಗಬೇಕಾದದ್ದು ಆಗ ಗುದ್ದಾಗುತ್ತದೆ, ಭಯ ತನ್ನ ಸಾಕ್ಷಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹಿಡಿತ ಗಟ್ಟಿಯಾಗಿರಬೇಕು, ಸೆಟೆದಿರಬಾರದು.

ಎಲ್ಲವನ್ನೂ ಮನಸ್ಸಿನ ಆಟವೆನ್ನುವುದೂ ತಪ್ಪು. ಹಿಡಿಯ ಉದ್ದ ಮೈಯಳತೆಗೆ ಹೆಚ್ಚಾದರೆ ಪೆಟ್ಟು ತೋಳಿಗೆ ಜಾರುತ್ತದೆ, ಕಡಿಮೆಯಾದರೆ ಹೆಬ್ಬೆರಳ ಗೆಣ್ಣು ಮೂಗಿಗೆ ಬಡಿಯುತ್ತದೆ. ಕೆನ್ನೆಯೆಲುಬು ಊದಿಕೊಂಡವನಿಗೆ ವೈರಾಗ್ಯ ಬೋಧಿಸುವುದು ಕ್ರೌರ್ಯ. ಅವನಿಗೆ ಬೇಕಾದದ್ದು ಅಳತೆಗೆ ಸರಿಯಾದ ಕೋವಿ. ತೋಟಾದ ಆಯ್ಕೆಯೂ ಹಾಗೆಯೇ. 28 ಗ್ರಾಂ ಬದಲು ಅದೇ ವೇಗದ 24 ಗ್ರಾಂ ಚರೆ ಬಳಸಿದರೆ ಒದೆತದ ಶಕ್ತಿ ಸುಮಾರು ಕಾಲುಭಾಗದಷ್ಟು ತಗ್ಗುತ್ತದೆ. ಹಗುರ ಕೋವಿ ಹೊಸಬರಿಗೆ ಸುಲಭವೆಂಬ ನಂಬಿಕೆ ತಲೆಕೆಳಗಾದದ್ದು: ಕೋವಿ ಹಗುರವಾದಷ್ಟೂ ಒದೆತ ಬಲವಾಗುತ್ತದೆ. ಮದ್ದಿನ ಅನಿಲದಿಂದ ನಡೆಯುವ ಸ್ವಯಂಚಾಲಿತ ಕೋವಿಗಳು ಅದೇ ಪೆಟ್ಟನ್ನು ಹೆಚ್ಚು ಹೊತ್ತಿಗೆ ಹರಡಿ ಮೆತ್ತಗಾಗಿಸುತ್ತವೆ. ಬೆಚ್ಚುವಿಕೆಯ ದೊಡ್ಡ ಪಾಲು ಸದ್ದಿನಿಂದ ಬರುವುದರಿಂದ ಒಳ್ಳೆಯ ಕಿವಿರಕ್ಷೆ ಕಿವಿಯ ಜೊತೆಗೆ ಗುರಿಯನ್ನೂ ಕಾಯುತ್ತದೆ.

ಇಷ್ಟಾದ ಮೇಲೆ ಉಳಿಯುವುದು ಅಭ್ಯಾಸ ಮತ್ತು ಗಮನ. ಧೈರ್ಯ ಧೈರ್ಯದ ಕೆಲಸ ಮಾಡುವುದರಿಂದಲೇ ಬರುತ್ತದೆ ಎಂದ ಅರಿಸ್ಟಾಟಲ್ ಇಲ್ಲಿ ಅರ್ಧ ಸರಿ. ಪೆಟ್ಟು ತಿಂದು ತಿಂದು ಬೆಚ್ಚುವುದನ್ನೇ ರೂಢಿ ಮಾಡಿಕೊಂಡವರೂ ಉಂಟು, ಏಕೆಂದರೆ ದೇಹಕ್ಕೆ ಒಳ್ಳೆಯ ಅಭ್ಯಾಸ ಕೆಟ್ಟ ಅಭ್ಯಾಸ ಎಂಬ ಭೇದವಿಲ್ಲ. ಆದ್ದರಿಂದ ಮೊದಲ ದಿನಗಳಲ್ಲಿ ಕೆಲವೇ ತೋಟಾ, ಹೆಗಲು ದಣಿಯುವ ಮೊದಲೇ ವಿರಾಮ. ಮನಶ್ಶಾಸ್ತ್ರಜ್ಞರಾದ ಲ್ಯಾಂಡಿಸ್ ಮತ್ತು ಹಂಟ್ 1939ರ ತಮ್ಮ ಅಧ್ಯಯನದಲ್ಲಿ ಪಿಸ್ತೂಲಿನ ಸದ್ದಿಗೆ ಜನ ಬೆಚ್ಚುವುದನ್ನು ಚಿತ್ರೀಕರಿಸಿ ನೋಡಿದರು. ಸದ್ದು ಮರುಕಳಿಸಿದಂತೆ ಮೈಯ ಬೆಚ್ಚುವಿಕೆ ಕುಗ್ಗುತ್ತದೆ, ಕಣ್ಣಿನ ಮಿಟುಕು ಮಾತ್ರ ಬಿಡದೆ ಉಳಿಯುತ್ತದೆ. ಅಭ್ಯಾಸ ಭಯವನ್ನು ಬೇರುಸಹಿತ ಕೀಳುವುದಿಲ್ಲ, ಕುಗ್ಗಿಸುತ್ತದೆ.

ಗಮನದ ಪಾತ್ರ ಇನ್ನೂ ಕುತೂಹಲದ್ದು. ಚರೆ ಹರಡುವ ಬಗೆ ಪರೀಕ್ಷಿಸಲು ಕಾಗದಕ್ಕೆ ಹೊಡೆಯುವಾಗ ಅದೇ ಕೋವಿ, ಅದೇ ತೋಟಾ ಜೋರಾಗಿ ಒದ್ದಂತೆ ಅನ್ನಿಸುತ್ತದೆ. ಗಂಟೆಗೆ ನೂರು ಕಿಲೋಮೀಟರ್ ಮೀರಿ ಹಾರುವ 110 ಮಿಲಿಮೀಟರ್ ಅಗಲದ ತಟ್ಟೆಯ ಹಿಂದೆ ಕಣ್ಣು ಓಡುವಾಗ ಒದೆತ ಗೊತ್ತೇ ಆಗುವುದಿಲ್ಲ. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಈಡು ಹೊಡೆಯುವವರಿಗೆ ಈ ಅನುಕೂಲವಿಲ್ಲ. ಅಲ್ಲಾಡದ ಗುರಿ ಭಯಕ್ಕೂ ಸಮಯ ಕೊಡುತ್ತದೆ. ಒದೆತವನ್ನು ಗೆಲ್ಲಬೇಕೆಂದು ಅದನ್ನೇ ನೆನೆಯುವವರು ಅದನ್ನು ಬೆಳೆಸುತ್ತಾರೆ. ತಟ್ಟೆಯ ಮುಂದಿನ ಅಂಚನ್ನೇ ನೋಡು ಎಂಬ ತರಬೇತುದಾರರ ಮಾತು ಇದಕ್ಕೆ ಮದ್ದು.

ಕೆಲವರಿಗೆ ಯಾವ ಮದ್ದೂ ನಾಟುವುದಿಲ್ಲ. ಸಾವಿರಾರು ತೋಟಾ ಹೊಡೆದ ಅನುಭವಿಗಳಿಗೂ ಒಂದು ದಿನ ಬೆರಳು ಟ್ರಿಗರ್ ಒತ್ತಲು ನಿರಾಕರಿಸುತ್ತದೆ. ಅಂಥವರಿಗಾಗಿ ಅಮೆರಿಕದ ಟ್ರ್ಯಾಪ್ ಆಟಗಾರರು ರಿಲೀಸ್ ಟ್ರಿಗರ್ ಬಳಸುತ್ತಾರೆ: ಮೊದಲೇ ಒತ್ತಿ ಹಿಡಿದಿದ್ದು, ಬೆರಳು ಸಡಿಲಿಸಿದಾಗ ಗುಂಡು ಹಾರುತ್ತದೆ. ಒತ್ತುವುದರ ಜೊತೆ ಭಯವನ್ನು ಬೆಸೆದುಕೊಂಡ ದೇಹವನ್ನು ಬಿಡುವ ಕ್ರಿಯೆಯಿಂದ ಏಮಾರಿಸುವ ಉಪಾಯ ಅದು, ಬಹಳ ಮಂದಿಗೆ ಕೆಲಸಕ್ಕೂ ಬಂದಿದೆ. ಒಲಿಂಪಿಕ್ಸ್ ಶೂಟಿಂಗನ್ನು ನಡೆಸುವ ಅಂತರರಾಷ್ಟ್ರೀಯ ಒಕ್ಕೂಟದ ನಿಯಮಗಳಲ್ಲಿ ಮಾತ್ರ ಅದು ನಿಷಿದ್ಧ.